ನನ್ನ ದನಿಯ ಹಿಂದೆ ನಾಲ್ಕು ತಾಲ್ಲೂಕು

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಶಿಡ್ಲಘಟ್ಟದಲ್ಲಿ ಚಿಂತಾಮಣಿ ಬಸ್ಸು ಹತ್ತಿದೆ. ಪ್ರವಾಸದ ಬಗ್ಗೆ ಬರೆಯುವವರು ಟಿಕೆಟ್ಟಿನ ದರ ಹೇಳಬೇಕಲ್ಲ, ನನ್ನದು ಸೊನ್ನೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲವಾದ್ದರಿಂದ ಆಧಾರ್ ಕಾರ್ಡು ತೋರಿಸಿ ಸೊನ್ನೆಯ ಟಿಕೆಟ್ ತೆಗೆದುಕೊಂಡು ಕಿಟಕಿಯ ಪಕ್ಕ ಕೂತೆ. ಜನವರಿಯ ಚಳಿ. ಹಿಪ್ಪುನೇರಳೆ ತೋಟಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ, ಡ್ರೈವರ್ ಲೈಟು ಹಾಕಿಕೊಂಡೇ ಬಸ್ಸು ಬಿಟ್ಟರು. ನನ್ನ ಚೀಲದಲ್ಲಿ ಎರಡು ಸೀರೆ, ಒಂದು ಸ್ವೆಟರ್, ನೀರಿನ ಬಾಟಲಿ, ಏಳನೇ ತರಗತಿಯ ಮೂವತ್ತೆರಡು ಗಣಿತದ ನೋಟ್‌ಪುಸ್ತಕ ಮತ್ತು ಎರಡು ಕೆಂಪು ಪೆನ್ನು ಇದ್ದವು. ಟೀಚರುಗಳು ಎಲ್ಲಿಗೆ ಹೋದರೂ ತಿದ್ದುವ ಪುಸ್ತಕ ಬೆನ್ನು ಬಿಡುವುದಿಲ್ಲ.

ನನ್ನ ಹೆಸರು ಗಿರಿಜ. ಮೇಲೂರಿನ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಇಪ್ಪತ್ತನಾಲ್ಕು ವರ್ಷದ ಸರ್ವೀಸು. ಎರಡು ವರ್ಷದ ಹಿಂದೆ ನಮ್ಮ ಜಿಲ್ಲೆಯ ಕೆಲವು ಶಾಲೆಗಳಿಗೆ ಕಂಪ್ಯೂಟರಿನ ಜೊತೆಗೆ ಕೋಡಿಂಗ್ ಕಲಿಸುವ ಒಂದು ತಂತ್ರಾಂಶ ಬಂತು. ಅದರಲ್ಲೊಂದು ಕೋಳಿ, ದೂರದಲ್ಲಿ ಕಾಳು. ಮಕ್ಕಳು ‘ಮುಂದೆ ಹೋಗು’, ‘ಬಲಕ್ಕೆ ತಿರುಗು’, ‘ಮೂರು ಸಲ ಮಾಡು’ ಎಂಬ ಬಣ್ಣದ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಹಸಿರು ಗುಂಡಿ ಒತ್ತಬೇಕು. ಜೋಡಣೆ ಸರಿಯಿದ್ದರೆ ಕೋಳಿ ನಡೆದುಹೋಗಿ ಕಾಳು ತಿನ್ನುತ್ತದೆ. ತಪ್ಪಿದ್ದರೆ ಆಗೆಲ್ಲ ಪರದೆಯ ತುಂಬ ಒಂದು ಕೆಂಪು ಇಂಟು ಗುರುತು ಬಂದು, ‘ಟೊಂಯ್’ ಎಂದು ಕಿವಿಗೆ ರಾಚುವ ಸದ್ದಾಗುತ್ತಿತ್ತು.

ನಮ್ಮ ತರಗತಿಯ ಪವಿತ್ರ ಮೊದಲ ದಿನವೇ ಆ ಇಂಟು ನೋಡಿ ಅತ್ತುಬಿಟ್ಟಳು. ಆಮೇಲೆ ಅವಳು ಮೌಸು ಮುಟ್ಟಲಿಲ್ಲ. ಉಳಿದವರೂ ಪಕ್ಕದವರನ್ನು ಕೇಳಿ, ಸರಿಯೆಂದು ಗ್ಯಾರಂಟಿಯಾದ ಮೇಲೆಯೇ ಗುಂಡಿ ಒತ್ತುತ್ತಿದ್ದರು. ನನಗೆ ಸಿಟ್ಟು ಬಂದು ಎರಡು ಪುಟದ ಪತ್ರ ಬರೆದೆ. ‘ಮಕ್ಕಳ ಕೆನ್ನೆಗೆ ಹೊಡೆದ ಹಾಗೆ ತಪ್ಪು ತೋರಿಸುವ ಈ ಕೆಂಪು ಗುರುತನ್ನು ಕಿತ್ತುಹಾಕಿ, ಅಲ್ಲಿ ಒಂದು ಒಳ್ಳೆಯ ಮಾತು ಇಡಿ’ ಎಂದು. ಟೀಚರ ಪತ್ರಕ್ಕೆ ಉತ್ತರ ಬರುವುದುಂಟೇ ಎಂದುಕೊಂಡಿದ್ದೆ. ತಂತ್ರಾಂಶ ಮಾಡುವ ತಂಡದ ಅರವಿಂದ ಎಂಬ ಯುವಕ ಬೆಂಗಳೂರಿನಿಂದ ನಮ್ಮ ಶಾಲೆಗೇ ಬಂದ.

"ಗುರುತು ತೆಗೆದುಬಿಡ್ತೀವಿ ಮೇಡಂ. ಆ ಒಳ್ಳೆ ಮಾತನ್ನ ನೀವೇ ಹೇಳ್ಬಿಡಿ, ರೆಕಾರ್ಡ್ ಮಾಡ್ಕೊತೀನಿ," ಎಂದ. ಅವನ ಕೈಯ ಹಾಳೆಯಲ್ಲಿ ‘ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ’ ಎಂದಿತ್ತು. ಇದು ಎಟಿಎಂ ಆಡೋ ಮಾತು ಕಣಪ್ಪಾ ಎಂದು ಅದನ್ನು ಪಕ್ಕಕ್ಕಿಟ್ಟು, ನಾನು ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ: "ಪರವಾಗಿಲ್ಲಪ್ಪಾ, ಇನ್ನೊಂದ್ಸಲ ನೋಡಣ." ಈ ಒಂದು ಮಾತು ಈಗ ನಾಲ್ಕು ತಾಲ್ಲೂಕಿನ ಶಾಲೆಗಳ ಕಂಪ್ಯೂಟರಿನೊಳಗೆ ಕೂತಿದೆ.

ಡಿಸೆಂಬರಿನಿಂದ ಈ ಹೊಸ ರೂಪ ಪರೀಕ್ಷೆಗೆಂದು ಓಡುತ್ತಿತ್ತು, ನಮ್ಮ ಪವಿತ್ರಳೂ ಮತ್ತೆ ಮೌಸು ಹಿಡಿದಿದ್ದಳು. ಈ ಶುಕ್ರವಾರ ಸಂಜೆ ಅದಕ್ಕೆ ಬೀಗ. ಎಂದರೆ, ಅಲ್ಲಿಂದ ಮುಂದೆ ಎಲ್ಲ ಶಾಲೆಗಳಿಗೂ ಅದೊಂದೇ, ಜೂನ್‌ವರೆಗೆ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಬೀಗ ಹಾಕುವ ಮುಂಚೆ ಒಬ್ಬ ಟೀಚರೇ ಬೇರೆ ಶಾಲೆಗಳನ್ನು ನೋಡಿ ಬರಲಿ ಎಂದು ಅರವಿಂದ ನನಗೆ ಮೂರು ದಿನದ ‘ಅನ್ಯಕಾರ್ಯ ನಿಮಿತ್ತ’ ಅಪ್ಪಣೆ ಕೊಡಿಸಿದ್ದ. ಕೆಲಸದ ಹೆಸರು ಅಭಿಪ್ರಾಯ ಸಂಗ್ರಹ. ನಿಜ ಹೇಳುವುದಾದರೆ ನಾನು ಹೊರಟದ್ದು ನನ್ನ ದನಿಯನ್ನು ಊರೂರಲ್ಲಿ ಕೇಳಿಸಿಕೊಂಡು ಬರಲು.

ಬಸ್ಸಿನಲ್ಲೇ ಪುಸ್ತಕದ ಕಟ್ಟು ಬಿಚ್ಚಿ ತಿದ್ದತೊಡಗಿದೆ. ಪಕ್ಕದಲ್ಲಿ ಅವರೆಕಾಯಿ ಮೂಟೆಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದ ಅಜ್ಜಿ ಬಹಳ ಹೊತ್ತು ನನ್ನ ಪೆನ್ನನ್ನೇ ನೋಡಿದರು.

"ಏನಮ್ಮಾ ಟೀಚರಮ್ಮ, ಹಿಂಗೆ ಕೆಂಪಗೆ ಗೀಚ್ತಾ ಇದ್ದೀಯ, ಆ ಮಗ ಏನು ಕೊಲೆ ಮಾಡೈತಾ?"

"ತಪ್ಪು ತೋರಿಸ್ದೆ ಇದ್ರೆ ಕಲಿಯೋದು ಹೆಂಗಜ್ಜಿ?" ಎಂದೆ ನಾನು, ಎರಡು ಪುಟದ ಪತ್ರ ಬರೆದಿದ್ದ ಅದೇ ಕೈಯಲ್ಲಿ ಇಂಟು ಹಾಕುತ್ತ. ಹೀಗೆ ಹೇಳಿದ್ದು ನನಗೇ ನೆನಪಾದದ್ದು ಮೂರನೇ ದಿನ.

ಚಿಂತಾಮಣಿಯ ಶಾಲೆ ಊರಿನ ಅಂಚಿನಲ್ಲಿದೆ. ಅಲ್ಲಿ ಕಂಪ್ಯೂಟರ್ ಕಲಿಸುವ ರತ್ನಮ್ಮ ನನಗಿಂತ ಹಿರಿಯರು, ಮಾತಿನಲ್ಲಿ ಉಪ್ಪು ಖಾರ ಎರಡೂ ಸರಿಯಾಗಿ ಇರುವವರು. ಕೋಣೆಯಲ್ಲಿ ಹತ್ತು ಕಂಪ್ಯೂಟರ್. ನಾನು ಒಳಗೆ ಕಾಲಿಡುವುದಕ್ಕೂ ಮಕ್ಕಳು ಹಸಿರು ಗುಂಡಿ ಒತ್ತುವುದಕ್ಕೂ ಸರಿಹೋಯಿತು. "ಪರವಾಗಿಲ್ಲಪ್ಪಾ" ಎಂದು ಬಾಗಿಲ ಬಳಿಯಿಂದ ಒಬ್ಬ ಗಿರಿಜ, ಕಿಟಕಿಯ ಬಳಿಯಿಂದ ಇನ್ನೊಬ್ಬ ಗಿರಿಜ, ಅವಳ ಮಾತು ಮುಗಿಯುವ ಮೊದಲೇ ಮೂರನೆಯವಳು. ಸಂತೆಯಲ್ಲಿ ನಾನೊಬ್ಬಳೇ ಹತ್ತು ಕಡೆ ಸೊಪ್ಪು ಮಾರುತ್ತಿದ್ದ ಹಾಗಿತ್ತು.

ಮನೆಯಲ್ಲಿ ತೆಲುಗು ಆಡುವ ಮಕ್ಕಳು. ಮೂಲೆಯ ಒಬ್ಬಳು ಕಂಪ್ಯೂಟರಿಗೇ ಜೋರಾಗಿ ಉತ್ತರ ಕೊಟ್ಟಳು: "ಎನ್ನಿಸಾರ್ಲು ಚೂಸೇದಮ್ಮಾ!" ಎಷ್ಟು ಸಲ ನೋಡೋದಮ್ಮ ಎಂದು. ತರಗತಿ ಘೊಳ್ಳೆಂದಿತು, ನಾನೂ ನಕ್ಕೆ. ಆ ಮಾತಿನ ಒಡತಿ ನಾನೇ ಎಂದು ಗೊತ್ತಾದ ಮೇಲೆ ಹುಡುಗಿ ಡೆಸ್ಕಿನ ಕೆಳಗೆ ಅವಿತುಕೊಂಡಳು.

"ನೀವು ಬರ್ತೀರ ಅಂತ ಇವತ್ತು ಸ್ಪೀಕರೆಲ್ಲ ಹಾಕಿಸ್ದೆ ಮೇಡಂ," ಎಂದರು ರತ್ನಮ್ಮ. "ಬೇರೆ ದಿನ ಒಂದಕ್ಕೆ ಮಾತ್ರ ಇರತ್ತೆ. ಮಿಕ್ಕಿದ್ದೆಲ್ಲ ಬೀರುವಿನಲ್ಲಿಟ್ಟು ಬೀಗ."

"ಮತ್ತೆ ತಪ್ಪಾಗಿದೆ ಅಂತ ಮಕ್ಕಳಿಗೆ ಹೆಂಗೆ ಗೊತ್ತಾಗತ್ತೆ?"

"ಗೊತ್ತಾಗಲ್ಲ. ಕೋಳಿ ನಿಂತ್ರೆ ಕೈ ಎತ್ತಿ ಮಿಸ್ ಮಿಸ್ ಅಂತ ಕೂಗ್ತಾರೆ. ನಾನು ಓಡಾಡ್ತಾ ಇರ್ತೀನಿ."

ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸ್ಪೀಕರು ಬೀರುವಿಗೆ ಹೋದದ್ದಕ್ಕೆ ಸ್ವಲ್ಪ ಮುಖ ಚಿಕ್ಕದಾಯಿತು, ಅಷ್ಟೇ. ಮಧ್ಯಾಹ್ನ ಶಾಲೆಯ ಬಿಸಿಯೂಟ, ಅವರೆಕಾಳಿನ ಸಾಂಬಾರು. ಊಟವಾದ ಮೇಲೆ ಅರವಿಂದನ ತಂಡ ಕಳಿಸಿದ್ದ ಅಭಿಪ್ರಾಯದ ಹಾಳೆಯನ್ನು ರತ್ನಮ್ಮನವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಎಲ್ಲದಕ್ಕೂ ‘ಅತ್ಯುತ್ತಮ’ ಎಂದು ಗುರುತು ಹಾಕಿದರು.

"ಸ್ಪೀಕರ್ ಕಿತ್ತಿಟ್ಟಿದ್ದನ್ನ ಬರೀರಿ," ಎಂದೆ.

"ಎಲ್ಲಿ ಬರೀಲಿ? ಮೂರು ಚೌಕ ಕೊಟ್ಟಿದ್ದಾರೆ. ಚೆನ್ನಾಗಿದೆ, ತುಂಬಾ ಚೆನ್ನಾಗಿದೆ, ಅತ್ಯುತ್ತಮ. ಚೆನ್ನಾಗಿಲ್ಲ ಅನ್ನೋಕೆ ನಾಲ್ಕನೇ ಚೌಕ ಎಲ್ಲಿದೆಯಮ್ಮಾ?"

ನೋಡಿದೆ. ಇರಲಿಲ್ಲ.

ರಾತ್ರಿ ಚಿಂತಾಮಣಿಯಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದು, ಬುಧವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಸ್ಸು ಹಿಡಿದೆ. ದಾರಿ ಮತ್ತೆ ನಮ್ಮ ಶಿಡ್ಲಘಟ್ಟದ ಮೇಲೆಯೇ. ಬಸ್ಸು ಐದು ನಿಮಿಷ ನಿಲ್ಲುತ್ತದೆಂದು ಮೊದಲೇ ಫೋನ್ ಮಾಡಿದ್ದೆ. ನಮ್ಮ ಯಜಮಾನರು ಕಿಟಕಿಯ ಹತ್ತಿರ ಬಂದು ಸ್ಟೀಲ್ ಡಬ್ಬಿ ಕೊಟ್ಟರು. ಅಕ್ಕಿ ರೊಟ್ಟಿ, ಹಿತಕಿದ ಬೇಳೆ ಸಾರು. ‘ಕಂಪ್ಯೂಟರಮ್ಮನಿಗೆ ಜಯವಾಗಲಿ’ ಎಂದು ಛೇಡಿಸಿ ಕೈ ಬೀಸಿದರು. ರೇಷ್ಮೆಗೂಡು ಬೇಯಿಸುವ ವಾಸನೆ ಊರು ದಾಟುವವರೆಗೂ ಬಸ್ಸಿನೊಳಗಿತ್ತು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಇಲ್ಲದಿದ್ದರೆ ಊರು ದಾಟಿದ್ದೇವೆಂದು ಅರ್ಥ.

ಚಿಕ್ಕಬಳ್ಳಾಪುರದ ಶಾಲೆಯಲ್ಲಿ ನಾರಾಯಣಸ್ವಾಮಿ ಮೇಷ್ಟ್ರು ಗೇಟಿನ ಹತ್ತಿರವೇ ಕಾಯುತ್ತಿದ್ದರು. ನಾನು ಅಭಿಪ್ರಾಯ ಕೇಳಲು ಹೋದವಳು. ಅವರು ಸನ್ಮಾನಕ್ಕೆ ಸಿದ್ಧರಾಗಿದ್ದರು. ಗುಲಾಬಿ ಹಾರ, ಒಂದು ಡಜನ್ ಬಾಳೆಹಣ್ಣು, ಹಸಿರು ಅಂಚಿನ ಶಾಲು. ಮಕ್ಕಳು ಸಾಲಾಗಿ ನಿಂತು ಒಂದೇ ದನಿಯಲ್ಲಿ "ಪರವಾಗಿಲ್ಲಪ್ಪಾ, ಇನ್ನೊಂದ್ಸಲ ನೋಡಣ" ಎಂದು ನನಗೇ ಹೇಳಿದರು. ನನಗೆ ಕಣ್ಣು ತುಂಬಿ ಬಂತು, ಅದನ್ನೇಕೆ ಮುಚ್ಚಿಡಲಿ.

"ಏನಾದ್ರೂ ಕೊರತೆ ಇದ್ರೆ ಹೇಳಿ ಸಾರ್, ಶುಕ್ರವಾರದೊಳಗೆ ಸರಿಮಾಡ್ಬೇಕು," ಎಂದೆ.

"ಅಯ್ಯೋ, ಮನೆಗೆ ಬಂದೋರ ಹತ್ರ ಕೊರತೆ ಹೇಳ್ತಾರಾ ಮೇಡಂ? ತುಂಬಾ ಚೆನ್ನಾಗಿದೆ ಅಂತ ಬರ್ಕೊಳಿ. ಕಾಫಿ ತಗೊಳಿ."

ನಮ್ಮ ಕಡೆ ಇದೊಂದು ರೂಢಿ. ನೆಂಟರ ಸೊಸೆಯ ಅಡಿಗೆಗೆ ಹೇಳುವ ಮಾತನ್ನೇ ಮೇಲಿನಿಂದ ಬಂದ ಪ್ರತಿಯೊಂದಕ್ಕೂ ಹೇಳಿ ಸಹಿ ಹಾಕುತ್ತೇವೆ. ನಾನೂ ಎಷ್ಟೋ ತರಬೇತಿಗಳಿಗೆ ಹಾಗೆ ಸಹಿ ಹಾಕಿದವಳು. ಆ ದಿನ ಮಾತ್ರ ಹೊಗಳಿಕೆ ನನಗೇ ಸಲ್ಲುತ್ತಿದ್ದರಿಂದ ಅದೆಲ್ಲ ನಿಜವೆಂದೇ ಅನಿಸಿತು. ತಂಗಿಯ ಮನೆಯಲ್ಲಿ ಉಳಿದುಕೊಂಡು, ಶಾಲನ್ನು ಅವಳಿಗೆ ಎರಡು ಸಲ ತೋರಿಸಿದೆ.

ಗುರುವಾರ ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ ಒಂದೂಕಾಲು ಗಂಟೆ ಹಿಡಿಯಿತು. ಚಳಿ ಗಾಳಿ ಕಿಟಕಿಯ ಸಂದಿನಿಂದ ಬರುತ್ತಿದ್ದುದರಿಂದ ಅದೇ ಶಾಲು ಹೊದ್ದುಕೊಂಡಿದ್ದೆ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ, ಒಂದು ಲೋಟ ಕಾಫಿ. ಅಲ್ಲಿಂದ ಅಲೀಪುರಕ್ಕೆ ಷೇರ್ ಆಟೋ, ಮೂವತ್ತು ರೂಪಾಯಿ. ಮೂರು ದಿನದಲ್ಲಿ ನಾನು ದುಡ್ಡು ಕೊಟ್ಟು ಮಾಡಿದ ಮೊದಲ ಪ್ರಯಾಣ ಅದು.

ಆಟೋ ಇಳಿದಲ್ಲೇ ಟೀ ಅಂಗಡಿ. ಬೆಂಚಿನ ಮೇಲೆ ಕೂತ ಇಬ್ಬರು ಗಂಡಸರು ಕೈಯಲ್ಲೇ ಏನೋ ಜೋರು ಚರ್ಚೆ ನಡೆಸಿದ್ದರು. ಅಂಗಡಿಯವರು ಟೀ ಎತ್ತಿ ಹಾಕುತ್ತಲೇ ಬಿಡುವಾದ ಕೈಯಲ್ಲಿ ನಡುವೆ ಒಂದು ಮಾತು ಸೇರಿಸಿದರು, ಮೂವರೂ ನಕ್ಕರು. ಈ ಊರಿನಲ್ಲಿ ಕಿವಿ ಕೇಳದವರು ಹಿಂದಿನಿಂದಲೂ ಹಲವರಿದ್ದಾರೆ. ಅವರ ಜೊತೆ ಬದುಕಿ ಕೇಳುವವರಿಗೂ ಕೈಮಾತು ಬರುತ್ತದೆ ಎಂದು ಯಾರೋ ಹೇಳಿದ್ದರು. ನಾನು ಶಾಲೆಯ ದಾರಿ ಕೇಳಿದಾಗ ಅಂಗಡಿಯವರು ನನಗೆ ಬಾಯಲ್ಲಿ ದಾರಿ ಹೇಳಿ, ಅದೇ ಹೊತ್ತಿಗೆ ಆ ಇಬ್ಬರಿಗೆ ನಾನು ಯಾರೆಂದು ಕೈಯಲ್ಲಿ ತಿಳಿಸಿ ಮುಗಿಸಿದರು. ಇಷ್ಟು ಕಣ್ಣಾರೆ ಕಂಡರೂ ನನ್ನ ತಲೆಗೆ ಹೋಗಲಿಲ್ಲ ನೋಡಿ. ಹೆಗಲ ಮೇಲೆ ಶಾಲಿತ್ತು.

ಶಾಲೆಯ ಕಂಪ್ಯೂಟರ್ ಟೀಚರ್ ನಸ್ರೀನ್. ನಲವತ್ತರ ಆಸುಪಾಸು, ಮೆಲುಮಾತಿನವರು. ಮನೆಯಿಂದ ತಂದ ಟೀ, ಬಿಸ್ಕತ್ತು ಮುಂದಿಟ್ಟು, ಆಗಲೇ ತುಂಬಿಟ್ಟಿದ್ದ ಅಭಿಪ್ರಾಯದ ಹಾಳೆಯನ್ನೂ ಕೊಟ್ಟರು. ಎಲ್ಲ ಕಡೆ ‘ಅತ್ಯುತ್ತಮ’. ಏಳನೇ ತರಗತಿಯ ಮಕ್ಕಳು ಕಂಪ್ಯೂಟರುಗಳ ಮುಂದೆ ಕೂತಿದ್ದರು. ನನ್ನ ದನಿ ಅಲ್ಲಲ್ಲಿ ಕೇಳುತ್ತಿತ್ತು, ಕೇಳಿದವರು ಪಟ್ಟಿಗಳನ್ನು ಕಿತ್ತು ಬೇರೆ ಜೋಡಿಸುತ್ತಿದ್ದರು. ಎಲ್ಲ ಸರಿಯಾಗಿಯೇ ಇತ್ತು. ಹಿಂದಿನ ಗೋಡೆಯ ಹತ್ತಿರ ಮಾತ್ರ ಐದು ಮಕ್ಕಳು ಒಂದು ಹಳೇ ಕಂಪ್ಯೂಟರಿಗೆ ಮುತ್ತಿಕೊಂಡಿದ್ದರು. ಅದರ ಪಕ್ಕದ ಹೊಸ ಕಂಪ್ಯೂಟರ್ ಖಾಲಿ ಇತ್ತು.

"ಅಲ್ಲಿ ಯಾಕೆ ಗುಂಪು?"

"ಅದು ಹಳೇದು ಮೇಡಂ, ಬಿಡಿ," ಎಂದರು ನಸ್ರೀನ್.

ಬಿಡಿ ಎಂದ ಕಡೆಗೇ ಹೋಗಿ ನೋಡುವುದು ಟೀಚರ ಬುದ್ಧಿ. ಐವರಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತಳು. ಹೆಸರು ಜೆಹ್ರಾ. ಆ ಐದು ಮಕ್ಕಳಿಗೂ ಕಿವಿ ಕೇಳುವುದಿಲ್ಲ ಎಂದರು ನಸ್ರೀನ್. ನಾನು ಖಾಲಿ ಇದ್ದ ಹೊಸ ಕಂಪ್ಯೂಟರ್ ತೋರಿಸಿ ಇಲ್ಲಿ ಮಾಡು ಎಂದೆ. ಜೆಹ್ರಾ ಟೀಚರ ಮುಖ ನೋಡಿದಳು, ಅವರು ಕೈಯಲ್ಲಿ ಏನೋ ಹೇಳಿದ ಮೇಲೆ ಬಂದು ಕೂತಳು.

ಬಹಳ ಚುರುಕು ಹುಡುಗಿ. ಏಳು ಪಟ್ಟಿಗಳನ್ನು ಸರಸರನೆ ಜೋಡಿಸಿದಳು. ಐದನೆಯದು ‘ಎಡಕ್ಕೆ ತಿರುಗು’ ಆಗಿತ್ತು, ‘ಬಲಕ್ಕೆ’ ಆಗಬೇಕಿತ್ತು. ಹಸಿರು ಗುಂಡಿ ಒತ್ತಿದಳು.

"ಪರವಾಗಿಲ್ಲಪ್ಪಾ, ಇನ್ನೊಂದ್ಸಲ ನೋಡಣ."

ಕೋಳಿ ನಿಂತಲ್ಲೇ ನಿಂತಿತ್ತು. ಪರದೆಯಲ್ಲಿ ಬೇರೇನೂ ಆಗಲಿಲ್ಲ. ಜೆಹ್ರಾ ಕಾದಳು. ಮತ್ತೆ ಒತ್ತಿದಳು. "ಪರವಾಗಿಲ್ಲಪ್ಪಾ." ಕೋಳಿ ಅಲ್ಲೇ. ಮತ್ತೊಮ್ಮೆ. ಆಮೇಲೆ ನನ್ನ ಕಡೆ ತಿರುಗಿ ಎರಡು ಕೈಯನ್ನೂ ಅಡ್ಡ ಆಡಿಸಿದಳು. ನಸ್ರೀನ್ ಅದನ್ನು ಹೇಳಲು ಹಿಂದೆಮುಂದೆ ನೋಡಿದರು.

"ಕೆಟ್ಟೋಗಿದೆ ಅಂತಿದ್ದಾಳೆ ಮೇಡಂ."

ಜೆಹ್ರಾ ಬಗ್ಗಿ ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಳು. ದಿನವೂ ಹೀಗೆ ಮಾಡುತ್ತಾಳಂತೆ. ತಪ್ಪು ತನ್ನ ಜೋಡಣೆಯಲ್ಲಿದೆ ಎಂದು ಅವಳಿಗೆ ಯಾರು ಹೇಳಬೇಕು? ನನ್ನ ದನಿ ಪಕ್ಕದಲ್ಲೇ ಇದ್ದು ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಿತ್ತು. ಅವಳ ಮಟ್ಟಿಗೆ ಅಲ್ಲಿ ಯಾರೂ ಇರಲಿಲ್ಲ.

ನಸ್ರೀನ್ ಅವಳನ್ನು ಹಳೇ ಕಂಪ್ಯೂಟರಿಗೆ ಕಳಿಸಿದರು. ಅವಳು ಅಲ್ಲೂ ಅದೇ ಏಳು ಪಟ್ಟಿ ಜೋಡಿಸಿ, ಅದೇ ತಪ್ಪು ಮಾಡಿ, ಗುಂಡಿ ಒತ್ತಿದಳು. ಪರದೆಯ ತುಂಬ ಕೆಂಪು ಇಂಟು ಗುರುತು. ನಾನು ಎರಡು ಪುಟ ಬರೆದು ತೆಗೆಸಿದ್ದ ಗುರುತು. ಜೆಹ್ರಾ ನಕ್ಕಳು. ಉಳಿದ ನಾಲ್ವರೂ ಮುಂಗೈಗಳನ್ನು ಇಂಟುವಿನಂತೆ ಅಡ್ಡ ಇಟ್ಟು ಅವಳನ್ನು ಛೇಡಿಸಿದರು. ಅವಳು ತೋರುಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಪಟ್ಟಿಗಳನ್ನು ಮೇಲಿನಿಂದ ನೋಡುತ್ತ ಬಂದಳು, ಐದನೆಯದರ ಹತ್ತಿರ ನಿಂತಳು, ಬದಲಾಯಿಸಿದಳು. ಕೋಳಿ ಕಾಳು ತಿಂದಿತು.

"ಬೆರಳು ಸುತ್ತಿದ್ದು ಏನು?"

"ಇನ್ನೊಂದ್ಸಲ ಅಂತ. ನಮ್ಮ ಕ್ಲಾಸಲ್ಲಿ ಹಂಗೆ ಹೇಳ್ತೀವಿ. ಪುಸ್ತಕದಲ್ಲಿ ತಪ್ಪು ಕಂಡ್ರೂ ನಾನು ಅಷ್ಟೇ ಮಾಡೋದು."

"ಕೆಂಪು ಕಂಡ್ರೆ ಇವರು ಅಳಲ್ವಾ?"

ನಸ್ರೀನ್‌ಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಯಾಕೆ ಅಳ್ತಾರೆ ಮೇಡಂ? ಅದು ಇವರ ಜೊತೆ ಮಾತಾಡತ್ತಲ್ಲ."

ಆಮೇಲೆ ಅವರು ನಿಜ ಹೇಳಿದರು. ಡಿಸೆಂಬರಿನಲ್ಲಿ ಎಲ್ಲ ಕಂಪ್ಯೂಟರಿಗೂ ಹೊಸ ರೂಪ ಬಂದಾಗ ಇದೊಂದು ರಿಪೇರಿಗೆ ಹೋಗಿತ್ತು. ವಾಪಸ್ ಬಂದ ಮೇಲೆ, ಹಳೆಯದೇ ಉಳಿಯಲಿ ಎಂದು ಅದಕ್ಕೆ ಇಂಟರ್ನೆಟ್ಟಿನ ವೈರನ್ನೇ ಚುಚ್ಚಿರಲಿಲ್ಲ. ಐದು ಮಕ್ಕಳು ಸರದಿಯಲ್ಲಿ ಅದೊಂದರಲ್ಲೇ ಕಲಿಯುತ್ತಿದ್ದರು. "ಶುಕ್ರವಾರ ಆದ್ಮೇಲೆ ಇದಕ್ಕೂ ಹೊಸದೇ ಹಾಕ್ತಾರಂತೆ ಅಲ್ವಾ ಮೇಡಂ?" ಎಂದು ಕೇಳಿದರು. ಹೌದು, ಹಾಕುವವರಿದ್ದರು.

"ಮತ್ತೆ ಹಾಳೆಯಲ್ಲಿ ಅತ್ಯುತ್ತಮ ಅಂತ ಯಾಕೆ ಬರೆದ್ರಿ?" ಎಂದೆ. ನನ್ನ ದನಿ ಸ್ವಲ್ಪ ಏರಿತ್ತು.

"ಯಾರೋ ಟೀಚರಮ್ಮ ಇಷ್ಟು ಪ್ರೀತಿಯಿಂದ ಹೇಳವ್ರೆ. ಕೇಳೋ ಮಕ್ಕಳಿಗೆ ಭಾಳ ಇಷ್ಟ ಆಗಿದೆ. ಅದನ್ನ ಹೆಂಗೆ ಚೆನ್ನಾಗಿಲ್ಲ ಅನ್ನಲಿ?"

ನನಗೆ ಅಪ್ಪನ ನೆನಪಾಯಿತು. ನಮ್ಮ ಕೇರಿಯಿಂದ ಶಾಲೆಗೆ ಹೋದ ಮೊದಲಿಗರಲ್ಲಿ ಅಪ್ಪ ಒಬ್ಬರು. ಮೇಷ್ಟ್ರು ಎಲ್ಲ ಮಕ್ಕಳ ಸ್ಲೇಟನ್ನೂ ಕೈಗೆತ್ತಿಕೊಂಡು ತಿದ್ದುತ್ತಿದ್ದರಂತೆ. ಬಾಗಿಲ ಹತ್ತಿರ ಕೂರಿಸಿದ್ದ ಅಪ್ಪನ ಸ್ಲೇಟನ್ನು ಮಾತ್ರ ಮುಟ್ಟುತ್ತಿರಲಿಲ್ಲ. ದೂರದಿಂದಲೇ ‘ಸರಿ, ಸರಿ’ ಎಂದು ಮುಂದೆ ಹೋಗುತ್ತಿದ್ದರಂತೆ. ತಪ್ಪಿದ್ದರೂ ಸರಿಯೇ. ‘ನನ್ನ ತಪ್ಪನ್ನ ಯಾರೂ ತಿದ್ಲಿಲ್ಲ ಕಣಮ್ಮ’ ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ನನಗೆ ಕೆಲಸ ಸಿಕ್ಕ ದಿನ ಅವರು ಕೊಟ್ಟದ್ದು ಒಂದು ಕೆಂಪು ಪೆನ್ನು. ಒಂದು ಮಗುವಿನ ಪುಸ್ತಕವನ್ನೂ ಬಿಡಬೇಡ ಎಂದಿದ್ದರು. ಇಪ್ಪತ್ತನಾಲ್ಕು ವರ್ಷ ನಾನು ಬಿಟ್ಟಿಲ್ಲ. ಈಗ ಜೆಹ್ರಾಳ ಮುಂದೆ ದೂರದಿಂದ ‘ಪರವಾಗಿಲ್ಲ’ ಎಂದು ಮುಂದೆ ಹೋಗಿದ್ದವಳು ನಾನೇ. ನಾಚಿಕೆಯಾಯಿತು. ಶಾಲನ್ನು ಮಡಚಿ ಚೀಲಕ್ಕೆ ಹಾಕಿದೆ.

ಗೌರಿಬಿದನೂರಿನ ಬಸ್‌ಸ್ಟ್ಯಾಂಡಿಗೆ ಬಂದಾಗ ಮೂರೂವರೆ. ಕಲ್ಲು ಬೆಂಚಿನ ಮೇಲೆ ಕೂತು ಅರವಿಂದನಿಗೆ ಫೋನ್ ಮಾಡಿ ನೋಡಿದ್ದನ್ನೆಲ್ಲ ಹೇಳಿದೆ.

"ನಮ್ಗೆ ಹೊಳೀಲೇ ಇಲ್ಲ ಮೇಡಂ. ತಪ್ಪು ನಮ್ದೂ ಇದೆ. ಆದ್ರೆ ನಾಳೆ ಸಂಜೆಯೊಳಗೆ ಹೊಸ ಚಿತ್ರ ಬರೆದು, ಎಲ್ಲಾ ಹಳೇ ಕಂಪ್ಯೂಟರಲ್ಲಿ ನೋಡಿ ಹಾಕೋಕಾಗಲ್ಲ. ಆ ಹಳೇ ಕೆಂಪು ಇಂಟು ಇದೆಯಲ್ಲ, ಅದನ್ನ ಬೇಕಾದ್ರೆ ವಾಪಸ್ ಹಾಕ್ಬಹುದು. ಸದ್ದು ಬೇಡ, ನಿಮ್ಮ ಮಾತೂ ಇರ್ಲಿ. ಬೇರೆ ಏನೇ ಅಂದ್ರೂ ಜೂನ್‌ಗೇ."

"ಹಾಕಪ್ಪಾ ಮತ್ತೆ."

"ತೆಗೆದಿದ್ದು ನಿಮ್ಮ ಪತ್ರ ನೋಡಿ. ಹಾಕೋಕೂ ನಿಮ್ಮದೇ ಒಂದು ಪತ್ರ ಬೇಕು, ಇವತ್ತೇ." ಫೋನಿಡುವ ಮೊದಲು ಕೇಳಿದ, "ಮೇಡಂ, ನಿಮ್ಮ ಪವಿತ್ರ?"

ಪತ್ರದಲ್ಲಿ ನಾನು ಬರೆದಿದ್ದ ಹೆಸರು ಅವನಿಗೆ ನೆನಪಿತ್ತು. ನಾನು ಆಮೇಲೆ ಹೇಳುತ್ತೇನೆಂದು ಫೋನಿಟ್ಟೆ. ಕೆಂಪು ಬಂದರೆ ಜೆಹ್ರಾಳಿಗೆ ಮಾತು ಸಿಗುತ್ತದೆ, ಪವಿತ್ರ ಮತ್ತೆ ಮೌಸಿನಿಂದ ಕೈ ತೆಗೆಯುತ್ತಾಳೆ. ಬಾರದಿದ್ದರೆ ನಮ್ಮ ಮಕ್ಕಳು ನೆಮ್ಮದಿಯಾಗಿರುತ್ತಾರೆ, ಅಲೀಪುರದ ಐವರು ಜೂನ್‌ವರೆಗೆ ಕಂಪ್ಯೂಟರ್ ಕೆಟ್ಟಿದೆ ಎಂದುಕೊಂಡು ಆಫ್ ಆನ್ ಮಾಡುತ್ತ ಕೂರುತ್ತಾರೆ. ಚಿಕ್ಕಬಳ್ಳಾಪುರದ ಬಸ್ಸು ಬಂತು. ಮತ್ತೊಂದು ಸೊನ್ನೆಯ ಟಿಕೆಟ್ ತೆಗೆದುಕೊಂಡೆ.

ತಲೆ ಓಡದಿದ್ದಾಗ ಕೈಗೆ ಕೆಲಸ ಕೊಡುವುದು ನನ್ನ ಅಭ್ಯಾಸ. ಉಳಿದಿದ್ದ ಪುಸ್ತಕಗಳನ್ನು ತೆಗೆದೆ. ನಾಲ್ಕನೆಯದೇ ಪವಿತ್ರಳದು. ಮುತ್ತಿನಂಥ ಅಕ್ಷರ, ಎಲ್ಲ ಲೆಕ್ಕವೂ ಸರಿ. ಹಿಂದೆಲ್ಲ ಒಂದು ‘ಉತ್ತಮ’ ಬರೆದು ಮುಂದಕ್ಕೆ ಹೋಗುತ್ತಿದ್ದೆ. ಅವತ್ತು ಕಿಟಕಿಯ ಬೆಳಕು ಹಾಳೆಯ ಹಿಂದಿನಿಂದ ಬಿದ್ದು ಅಲ್ಲಲ್ಲಿ ತೂತು ಕಂಡವು. ಲೆಕ್ಕದ ನಡುವೆ ಉಜ್ಜಿ ಉಜ್ಜಿ ಹಾಳೆ ತೆಳುವಾಗಿ ಹರಿದಿತ್ತು. ಪ್ರತಿ ಪುಟದಲ್ಲೂ ಹಾಗೇ. ತಪ್ಪುಗಳು ನನ್ನ ಪೆನ್ನಿಗೆ ಸಿಗದ ಹಾಗೆ ಆ ಮಗು ಮನೆಯಲ್ಲಿ ಕೂತು ರಬ್ಬರಿನಲ್ಲಿ ಒಂದೊಂದನ್ನೂ ಅಳಿಸಿ ತರುತ್ತಿತ್ತು.

ಕಂಪ್ಯೂಟರ್ ನಮ್ಮ ಶಾಲೆಗೆ ಬಂದು ಎರಡು ವರ್ಷ. ಪವಿತ್ರ ನನ್ನ ಕೈಗೆ ಪುಸ್ತಕ ಕೊಡುತ್ತಿರುವುದು ಮೂರು ವರ್ಷದಿಂದ. ಅವಳು ಪರದೆಯ ಮೇಲೆ ಕಂಡದ್ದು ಅರವಿಂದನ ಇಂಟು ಅಲ್ಲ, ನನ್ನದು. ಅಪ್ಪ ಪ್ರೀತಿಯಿಂದ ಕೊಟ್ಟ ಪೆನ್ನನ್ನೇ ನಾನು ಹಿಡಿದಿದ್ದೆ. ಪ್ರತಿ ಪುಸ್ತಕವನ್ನೂ ಮುಟ್ಟಿದ್ದೆ, ತಪ್ಪು ಕಂಡಲ್ಲೆಲ್ಲ ಗೀಚಿದ್ದೆ. ಗೀಚಿದ ಮೇಲೆ ಮಗುವಿನ ಕಡೆಗೆ ತಿರುಗಿ ಇನ್ನೊಂದು ಸಲ ಎಂದು ಬೆರಳು ಸುತ್ತಿದ್ದು ನೆನಪಿಲ್ಲ. ಬಾಯಲ್ಲಿ ಪರವಾಗಿಲ್ಲಪ್ಪಾ ಎಂದು ಹೇಳುತ್ತಿದ್ದೆ, ನಿಜ. ಆಗ ಕಣ್ಣು ಮುಂದಿನ ಪುಸ್ತಕದ ಮೇಲೆ ಇರುತ್ತಿತ್ತು. ಅವರೆಕಾಯಿ ಅಜ್ಜಿ ಕೇಳಿದ ಪ್ರಶ್ನೆ ಅಲ್ಲಿ ನೆನಪಾಯಿತು.

ಮಂಚೇನಹಳ್ಳಿ ದಾಟುವಾಗ ನೋಟ್‌ಪುಸ್ತಕದ ರಟ್ಟಿನ ಮೇಲೆ ಹಾಳೆಯಿಟ್ಟು ಪತ್ರ ಬರೆದೆ. ಮೊದಲಿನದು ಎರಡು ಪುಟವಿತ್ತು, ಇದು ಐದು ಸಾಲು. ‘ಕೆಂಪು ಗುರುತನ್ನು ವಾಪಸ್ ಹಾಕಿ. ಕಿವಿ ಕೇಳದ ಮಕ್ಕಳಿಗೆ ಅದೊಂದೇ ಮಾತು. ನಮ್ಮ ಶಾಲೆಯ ಮಕ್ಕಳು ಹೆದರುತ್ತಿದ್ದುದು ಆ ಗುರುತಿಗಲ್ಲ, ನನಗೆ. ಅದನ್ನು ನಾನು ನೋಡಿಕೊಳ್ಳುತ್ತೇನೆ. ಅಭಿಪ್ರಾಯದ ಹಾಳೆಯಲ್ಲಿ ‘ಚೆನ್ನಾಗಿಲ್ಲ’ ಎಂಬ ನಾಲ್ಕನೇ ಚೌಕ ಇಡಿ.’ ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗಿತ್ತು. ಹಾಗೇ ಫೋಟೋ ತೆಗೆದು ಕಳಿಸಿದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಶಿಡ್ಲಘಟ್ಟಕ್ಕೆ ಬಂದಾಗ ದೀಪ ಹಚ್ಚಿದ್ದರು. ಮೊದಲು ಮೂಗಿಗೆ ಬಂದದ್ದು ಗೂಡು ಬೇಯಿಸುವ ವಾಸನೆ.

ಶುಕ್ರವಾರ ಸಂಜೆ ಬೀಗ ಬಿತ್ತು. ಹಳೇ ಕಂಪ್ಯೂಟರಿಗೂ ವೈರ್ ಚುಚ್ಚಿದೆ, ಐವರಿಗೂ ಈಗ ಬೇರೆ ಬೇರೆ ಕಂಪ್ಯೂಟರ್ ಸಿಕ್ಕಿತು ಎಂದು ನಸ್ರೀನ್ ಮೆಸೇಜ್ ಹಾಕಿದರು.

ಶನಿವಾರ ಬೆಳಗಿನ ಶಾಲೆ. ತರಗತಿಗೆ ಅಲೀಪುರದ ಸುದ್ದಿ, ಜೆಹ್ರಾಳ ಸುದ್ದಿ, ಇನ್ನೊಂದು ಸಲ ಎಂದು ಅವರು ಬೆರಳು ಸುತ್ತುವ ಸುದ್ದಿ ಹೇಳಿದೆ. ಕೆಂಪು ವಾಪಸ್ ಬಂದಿದೆ, ತರಿಸಿದವಳು ನಾನೇ ಎಂದೂ ಹೇಳಿದೆ. ಪವಿತ್ರಳನ್ನು ಬಲವಂತ ಮಾಡಲಿಲ್ಲ, ಅವಳ ಸರದಿ ಬಂದಾಗ ಅವಳೇ ಬಂದು ಕೂತಳು. ಪಟ್ಟಿಗಳನ್ನು ನಿಧಾನವಾಗಿ ಜೋಡಿಸಿದಳು. ಮೂರನೆಯದು ತಪ್ಪಿತ್ತು, ನನಗೆ ಕಾಣುತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದೆ. ಗುಂಡಿ ಒತ್ತಿದಳು.

ಪರದೆಯ ತುಂಬ ಕೆಂಪು. ಕಂಪ್ಯೂಟರಿನೊಳಗಿನಿಂದ ನನ್ನ ದನಿ ಪರವಾಗಿಲ್ಲಪ್ಪಾ ಎಂದಿತು. ಪವಿತ್ರ ಪರದೆಯನ್ನು ನೋಡಲಿಲ್ಲ, ದನಿಯನ್ನೂ ಕೇಳಿಸಿಕೊಳ್ಳಲಿಲ್ಲ. ಮೌಸಿನಿಂದ ಕೈ ತೆಗೆದು, ತಿರುಗಿ, ನೇರ ನನ್ನ ಮುಖ ನೋಡಿದಳು.

ನನ್ನ ಕೈಯಲ್ಲಿ ಪೆನ್ನಿತ್ತು. ಅದನ್ನು ಮೇಜಿನ ಮೇಲಿಟ್ಟು, ತೋರುಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಮಡಿಲಲ್ಲಿದ್ದ ಅವಳ ಬೆರಳು, ಬೇರೆ ಯಾರಿಗೂ ಕಾಣದ ಹಾಗೆ, ಒಂದು ಸಣ್ಣ ಸುತ್ತು ತಿರುಗಿತು. ಕೋಳಿಯ ಕಡೆ ತಿರುಗಿ ಮೂರನೇ ಪಟ್ಟಿಯ ಮೇಲೆ ಮೌಸು ಇಟ್ಟಳು.